ಗೆಲಾಕ್ಸಿಯ ನಡುವಿಗೊಂದು ಕಬ್ಬಿಣದ ಅಳತೆಗೋಲು

ಭದ್ರಾವತಿಯವರಿಗೆ ಕಬ್ಬಿಣವೆಂದರೆ 1923ರಲ್ಲಿ ಶುರುವಾದ ಕಾರ್ಖಾನೆ, ಕೆಮ್ಮಣ್ಣುಗುಂಡಿಯಿಂದ ಇಳಿದು ಬರುತ್ತಿದ್ದ ಅದಿರು. ಖಗೋಳ ವಿಜ್ಞಾನಿಗಳಿಗೆ ಅದೇ ಕಬ್ಬಿಣ ವೇಗ ಅಳೆಯುವ ಸಾಧನ.

ಉಕ್ಕಿನ ಕಾರ್ಖಾನೆಗಳ ಪ್ರಯೋಗಾಲಯದಲ್ಲಿ ಮಾದರಿ ತುಂಡಿಗೆ ವಿದ್ಯುತ್ ಕಿಡಿ ತಾಗಿಸಿ, ಹೊಮ್ಮುವ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಯಾವ ಧಾತು ಎಷ್ಟಿದೆ ಎಂದು ನೋಡುತ್ತಾರೆ. ಪ್ರತಿ ಧಾತುವಿಗೂ ತನ್ನದೇ ಗೆರೆಗಳಿವೆ. ಕಬ್ಬಿಣದ ಪ್ರಮುಖ ಗೆರೆಗಳಲ್ಲೊಂದು ಹಸಿರು ಭಾಗದಲ್ಲಿ, 527 ನ್ಯಾನೊಮೀಟರ್ ಬಳಿ ಇದೆ. ನಕ್ಷತ್ರದ ಹೊರಪದರದಲ್ಲಿರುವ ಕಬ್ಬಿಣದ ಆವಿ ಆ ಬಣ್ಣವನ್ನೇ ಹೀರುವುದರಿಂದ ನಕ್ಷತ್ರದ ರೋಹಿತದಲ್ಲಿ, ಅಂದರೆ ಬಿಡಿಸಿದ ಬಣ್ಣಗಳ ಪಟ್ಟಿಯಲ್ಲಿ, ಅದು ಕಪ್ಪು ಗೆರೆಯಾಗಿ ಮೂಡುತ್ತದೆ.

ನಕ್ಷತ್ರ ನಮ್ಮತ್ತ ಬರುತ್ತಿದ್ದರೆ ಗೆರೆ ನೀಲಿಯತ್ತ, ದೂರ ಸಾಗುತ್ತಿದ್ದರೆ ಕೆಂಪಿನತ್ತ ಸರಿಯುತ್ತದೆ. ಇದು ಡಾಪ್ಲರ್ ಪರಿಣಾಮ. ಆಂಡ್ರೊಮಿಡಾ ಗೆಲಾಕ್ಸಿ ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ಇತ್ತ ಬರುತ್ತಿದೆ. ಅದು ಬೆಳಕಿನ ವೇಗದ ಸಾವಿರದಲ್ಲೊಂದು ಪಾಲು. ಹಾಗಾಗಿ 527ರ ಗೆರೆ 526.5ರ ಹತ್ತಿರ ಕಾಣುತ್ತದೆ.

ಇಡೀ ಗೆಲಾಕ್ಸಿಯ ವೇಗ ಹೀಗೆ ಸಿಕ್ಕಿತು. ಅದರ ನಡುಭಾಗ ತಿರುಗುವುದನ್ನು ಅಳೆಯಲು ರೋಹಿತದರ್ಶಕದ ಸಪೂರ ಸೀಳನ್ನು ಕೇಂದ್ರದ ಮೇಲೆ ಅಡ್ಡಲಾಗಿ ಇಡುತ್ತಾರೆ. ಒಂದು ಬದಿಯ ನಕ್ಷತ್ರಗಳು ನಮ್ಮತ್ತ, ಇನ್ನೊಂದು ಬದಿಯವು ಅತ್ತ ಸಾಗುವುದರಿಂದ ಗೆರೆ ನೆಟ್ಟಗಿರದೆ ಓರೆಯಾಗುತ್ತದೆ. ಸೆಕೆಂಡಿಗೆ 150 ಕಿ.ಮೀ. ವೇಗವಿದ್ದರೆ ಗೆರೆ ಪಕ್ಕಕ್ಕೆ ಸರಿಯುವುದು ಕಾಲು ನ್ಯಾನೊಮೀಟರಿನಷ್ಟು ಮಾತ್ರ. 1917ರಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದ ಫ್ರಾನ್ಸಿಸ್ ಪೀಸ್ ಆಂಡ್ರೊಮಿಡಾದ ಒಂದೇ ಛಾಯಾಚಿತ್ರ ಫಲಕಕ್ಕೆ ಮೂರು ತಿಂಗಳಲ್ಲಿ ಬಿಡಿಬಿಡಿಯಾಗಿ ಒಟ್ಟು 79 ಗಂಟೆ ಬೆಳಕು ತುಂಬಿಸಿ ಈ ಓರೆಯನ್ನು ಅಳೆದರು.

ಇಷ್ಟು ಚಿಕ್ಕ ಸರಿತ ನಂಬಬೇಕಾದರೆ ಸರಿಯದ ಗೆರೆಗಳೂ ಪಕ್ಕದಲ್ಲೇ ಬೇಕು. ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಹೊಸಕೋಟೆಯ ಕೇಂದ್ರದಿಂದಲೇ ನಡೆಸುತ್ತಾರೆ. ಅದರ ರೋಹಿತದರ್ಶಕಕ್ಕೆ ಅಳತೆ ಹೊಂದಿಸಲು ಕಬ್ಬಿಣ-ಆರ್ಗಾನ್, ಕಬ್ಬಿಣ-ನಿಯಾನ್ ದೀಪಗಳಿವೆ. ದೀಪದ ಕಬ್ಬಿಣ ನಿಂತಲ್ಲೇ ಇರುತ್ತದೆ. ಗೆಲಾಕ್ಸಿಯ ಕಬ್ಬಿಣ ಅದರಿಂದ ಎಷ್ಟು ಸರಿದಿದೆ ಎಂಬುದೇ ಲೆಕ್ಕ.

ವೇಗ ಗೊತ್ತಾದರೆ ತೂಕವೂ ಗೊತ್ತಾಗುತ್ತದೆ. ಕೇಂದ್ರಕ್ಕೆ ಹತ್ತಿರವಿದ್ದೂ ನಕ್ಷತ್ರಗಳು ಜೋರಾಗಿ ಸುತ್ತುತ್ತಿದ್ದರೆ, ಅವನ್ನು ಹಿಡಿದಿಡಲು ಒಳಗೆ ಭಾರಿ ದ್ರವ್ಯ ಇರಲೇಬೇಕು. ಆಂಡ್ರೊಮಿಡಾದ ಕೇಂದ್ರದಲ್ಲಿ ಅಷ್ಟು ದ್ರವ್ಯಕ್ಕೆ ತಕ್ಕಷ್ಟು ನಕ್ಷತ್ರಗಳ ಬೆಳಕು ಕಾಣಲಿಲ್ಲ. ಅಲ್ಲೊಂದು ದೈತ್ಯ ಕಪ್ಪುಕುಳಿ ಇದೆಯೆಂದು 1988ರಲ್ಲಿ ಖಗೋಳಜ್ಞರು ತೀರ್ಮಾನಿಸಿದ್ದು ಈ ತರ್ಕದಿಂದಲೇ. ಈಗಿನ ಅಂದಾಜಿನಂತೆ ಅದರ ತೂಕ ಸುಮಾರು 14 ಕೋಟಿ ಸೂರ್ಯರಷ್ಟು.

ನವೆಂಬರ್ ಮಧ್ಯದಲ್ಲಿ ರಾತ್ರಿ ಒಂಬತ್ತರ ನಂತರ ಆಂಡ್ರೊಮಿಡಾ ಉತ್ತರದಲ್ಲಿ ಎತ್ತರಕ್ಕೇರಿರುತ್ತದೆ. ಶಿವಮೊಗ್ಗದ ದೀಪಗಳಿಂದ ದೂರ ಹೋದರೆ ಬರಿಗಣ್ಣಿಗೇ ಮಸುಕು ಚುಕ್ಕೆಯಂತೆ ಸಿಗುತ್ತದೆ. ಬೈನಾಕ್ಯುಲರ್ ಇದ್ದರೆ ಹುಡುಕುವುದು ಇನ್ನೂ ಸುಲಭ.