ಬೈಗುಳವೇ ಕಾಯಿಲೆಯ ಹೆಸರಾದಾಗ

ಪತ್ರಿಕೆಯ ಅಪರಾಧ ಪುಟದಲ್ಲಿ ‘ವಿಕೃತ ಕಾಮಿ’ ಎಂದು ಅಚ್ಚಾದ ಮೇಲೆ ಆ ಮನುಷ್ಯನ ಬಗ್ಗೆ ಹೇಳಲು ಇನ್ನೇನೂ ಉಳಿಯುವುದಿಲ್ಲ. ಮನೋವೈದ್ಯರ ಕೆಲಸ ಮಾತ್ರ ಅದಕ್ಕೂ ಮುಂಚೆ ಶುರುವಾಗಬೇಕು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್ಎಂ-5 ಕೈಪಿಡಿಯ ಪ್ರಕಾರ ಆಸೆ ವಿಚಿತ್ರವಾಗಿದ್ದ ಮಾತ್ರಕ್ಕೆ ಕಾಯಿಲೆಯಲ್ಲ. ಅದರಿಂದ ಆತ ನರಳುತ್ತಿದ್ದರೆ, ಇಲ್ಲವೇ ಒಪ್ಪದವರಿಗೆ, ಒಪ್ಪಿಗೆಯ ಮಾತೇ ಬರದ ಮಕ್ಕಳಿಗೆ ಅದರಿಂದ ಅಪಾಯವಿದ್ದರೆ ಅದು ಪ್ಯಾರಾಫಿಲಿಕ್ ಡಿಸಾರ್ಡರ್. ಬಚ್ಚಲ ಕಿಂಡಿಯಲ್ಲಿ ಇಣುಕುವವರು, ತುಂಬಿದ ಬಸ್ಸಿನಲ್ಲಿ ಮೈ ಉಜ್ಜುವವರು ಈ ಪಟ್ಟಿಗೆ ಬರಬಹುದು. ಅಪರಾಧಿಗಳಿಗೆಲ್ಲ ಈ ಕಾಯಿಲೆ ಇರುವುದಿಲ್ಲ. ಕಾಯಿಲೆಯಿರುವವರೆಲ್ಲ ಅಪರಾಧ ಮಾಡಿರುವುದೂ ಇಲ್ಲ. ಚಿಕಿತ್ಸೆ ಮೊದಲು ತಲುಪಬೇಕಾದದ್ದು ಇನ್ನೂ ಏನನ್ನೂ ಮಾಡದ ಈ ಎರಡನೆಯವರನ್ನು.

‘ಹಿಡಿದು ಇಂಜೆಕ್ಷನ್ ಚುಚ್ಚಿ’ ಎಂಬ ಕೂಗು ಚಿಕಿತ್ಸೆಯ ಕೊನೆಯ ಮೆಟ್ಟಿಲನ್ನೇ ಮೊದಲನೆಯದು ಮಾಡುತ್ತದೆ. ಮೊದಲು ಬರುವುದು ಮಾತಿನ ಚಿಕಿತ್ಸೆ: ಆಸೆ ಕೆರಳುವ ಹೊತ್ತನ್ನು ಗುರುತಿಸುವುದು, ‘ಅವರಿಗೂ ಇಷ್ಟವಿತ್ತು’ ಎಂಬಂಥ ಸುಳ್ಳು ಸಮಜಾಯಿಷಿಗಳನ್ನು ಒಡೆಯುವುದು. ಜೊತೆಗೆ ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್‌ನಂಥ ಮಾತ್ರೆ. ಅದು ಮತ್ತೆ ಮತ್ತೆ ನುಗ್ಗುವ ಯೋಚನೆಯನ್ನೂ ಕಾಮದ ಬಿಸಿಯನ್ನೂ ತಗ್ಗಿಸಬಲ್ಲದು. ಅಪಾಯ ತೀವ್ರವಾಗಿದ್ದರೆ ಮಾತ್ರ ಟೆಸ್ಟೊಸ್ಟೆರಾನ್ ಇಳಿಸುವ ಔಷಧಿ. ಮಕ್ಕಳತ್ತ ಆಸೆ ಹರಿಯುವುದೆಂದು ತಾವಾಗಿಯೇ ನೆರವು ಕೇಳಿದ 52 ಗಂಡಸರ ಮೇಲೆ ಸ್ವೀಡನ್ನಿನಲ್ಲಿ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು: ಅಂಥದ್ದೇ ಔಷಧಿಯಾದ ಡೆಗಾರೆಲಿಕ್ಸ್ ಪಡೆದವರಲ್ಲಿ ಎರಡೇ ವಾರಕ್ಕೆ ಅಪಾಯದ ಅಂಕ ಇಳಿದಿತ್ತು. ಸಣ್ಣ ಪ್ರಯೋಗ, ಅಂಕವೇ ಅಪರಾಧವಲ್ಲ, ನಿಜ. ಔಷಧಿ ಆಸೆಯ ಕಾವನ್ನು ಇಳಿಸುತ್ತದೆ, ದಿಕ್ಕನ್ನು ಬದಲಿಸದು; ಹೆಚ್ಚು ಕಾಲ ಮುಂದುವರಿದರೆ ಮೂಳೆ ಸವೆಯಬಹುದು. ಲೈಂಗಿಕ ಅಪರಾಧದ ಕಾನೂನುಗಳನ್ನು ಪರಿಶೀಲಿಸಿದ ನ್ಯಾಯಮೂರ್ತಿ ವರ್ಮಾ ಸಮಿತಿ 2013ರಲ್ಲಿ ಈ ಔಷಧಿಯನ್ನು ಶಿಕ್ಷೆಯಾಗಿಸಲು ಒಪ್ಪದಿದ್ದದ್ದು ಸರಿಯೇ.

ಕಾಯಿಲೆ ಎಂದರೆ ಶಿಕ್ಷೆ ತಪ್ಪೀತಲ್ಲ? ತಪ್ಪದು. ಚಿತ್ತಸ್ವಾಸ್ಥ್ಯವಿಲ್ಲದೆ ತನ್ನ ಕೃತ್ಯವೇನೆಂದೋ ಅದು ತಪ್ಪೆಂದೋ ತಿಳಿಯಲಾರದವನಿಗಷ್ಟೇ ಕಾನೂನಿನ ವಿನಾಯಿತಿ. ಕದ್ದು ಇಣುಕುವವನು ತಪ್ಪೆಂದು ಗೊತ್ತಿರುವುದಕ್ಕೇ ಕದ್ದು ಇಣುಕುತ್ತಾನೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, ನಡೆದ ಅಪರಾಧವನ್ನಷ್ಟೇ ಅಲ್ಲ, ನಡೆಯಬಹುದೆಂಬ ಆತಂಕವನ್ನೂ ಪೊಲೀಸರಿಗೆ ತಿಳಿಸಬೇಕು. ಮಗುವಿನ ರಕ್ಷಣೆಗೆ ಅದು ಬೇಕು. ಆದರೆ ಬರೀ ಆಸೆಯಿಂದ ಕಂಗೆಟ್ಟವನೂ ಇದಕ್ಕೆ ಹೆದರಿ ವೈದ್ಯರ ಬಳಿ ಬಾಯಿ ಬಿಡಲಾರ. ಕಾನೂನಿನ ಭಯದ ಜೊತೆಗೆ ಊರಿನವರ ಕಣ್ಣಿನ ಭಯವೂ ಇದೆ. ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯವರಿಗೆ ಬೆಂಗಳೂರಿನ ನಿಮ್ಹಾನ್ಸ್ ದೂರವಾದರೂ ಅದೇ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹತ್ತಿರವಿರುವುದೇ ಅಡ್ಡಿಯೂ ಹೌದು: ಮನೋವೈದ್ಯರ ಕೋಣೆಯ ಮುಂದಿನ ಸಾಲಿನಲ್ಲಿ ಊರಿನವರು ಯಾರಾದರೂ ಸಿಕ್ಕೇ ಸಿಗುತ್ತಾರೆ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಮುಖ ತೋರಿಸದೆ ಮೊದಲ ಮಾತಾಡಬಹುದು.