ಹಸಿ ಚೌಕಟ್ಟಿಗೆ ಗೆದ್ದಲು: ಯಾವ ಜಾತಿ ಎಂದು ತಿಳಿಯುವುದು ಹೇಗೆ?

ತಾಂಡೂರು, ಜಹೀರಾಬಾದ್, ನಾರಾಯಣಖೇಡ ಕಡೆ ಬಚ್ಚಲಮನೆಯ ಚೌಕಟ್ಟು ಬುಡದಲ್ಲಿ ಟೊಳ್ಳಾದರೆ, ಮರ ಹಸಿಯಾಗಿದ್ದಕ್ಕೇ ಹುಳ ಹುಟ್ಟಿತು ಎಂದುಕೊಳ್ಳುವವರುಂಟು. ಹುಳ ಬಂದದ್ದು ಬಹುಮಟ್ಟಿಗೆ ನೆಲದಿಂದ. ಇದು ತಿಳಿಯದೆ ಮರಕ್ಕಷ್ಟೇ ಔಷಧ ಬಳಿದರೆ ದುಡ್ಡು ದಂಡ.

ಹಸಿಮರದ ಗೆದ್ದಲು: ಮಣ್ಣಿನ ನಂಟಿಲ್ಲದೆ ತೇವದ, ಕೊಳೆತ ಮರದೊಳಗೇ ಬದುಕುತ್ತದೆ. ಭಾರತದಲ್ಲಿ ಇದಕ್ಕೆ ಹೆಸರಾದದ್ದು ಆರ್ಕೋಟರ್ಮಾಪ್ಸಿಸ್ ರಾಟೋನಿ. ಹಿಮಾಲಯದ ದೇವದಾರು, ಪೈನ್ ಕಾಡುಗಳಲ್ಲಿ ಬಿದ್ದ ದಿಮ್ಮಿಗಳೇ ಅದರ ನೆಲೆ. ಅದರಲ್ಲಿ ಬೇರೆ ಕೆಲಸಗಾರ ವರ್ಗವಿಲ್ಲ, ಬೆಳೆಯುತ್ತಿರುವ ಮರಿಗಳೇ ದುಡಿಯುತ್ತವೆ. ನಮ್ಮ ಒಣ ಸೀಮೆ ಅದಕ್ಕೆ ಒಗ್ಗದು.

ಒಣಮರದ ಗೆದ್ದಲು: ಇದಕ್ಕೂ ಮಣ್ಣು ಬೇಡ. ಕುರ್ಚಿ, ಕಪಾಟುಗಳ ಕೆಳಗೆ ಗಸಗಸೆಯಂಥ ಗಟ್ಟಿ ಹಿಕ್ಕೆ ಉದುರಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಕಾಳಿಗೂ ಆರು ಮುಖ.

ನೆಲಗೆದ್ದಲು: ಗೋಡೆ, ಚೌಕಟ್ಟಿನ ಮೇಲೆ ಮಣ್ಣಿನ ಕೊಳವೆ ಕಂಡರೆ ಇದೇ. ಮೈಯ ತೊಗಲು ತೆಳು, ಗಾಳಿಗೆ ಬೇಗ ಒಣಗುತ್ತದೆ. ಅದಕ್ಕೇ ಮಣ್ಣಿನ ಮರೆಯಲ್ಲಿ ಓಡಾಟ, ಅದಕ್ಕೇ ನೀರು ಜಿನುಗುವ ಬಚ್ಚಲ ಮೇಲೆ ಮೊದಲ ಕಣ್ಣು. ಫರಸಿ ಕಲ್ಲನ್ನು ಅದು ಕೊರೆಯಲಾರದು, ಎರಡು ಕಲ್ಲುಗಳ ಸಂದು ಸಿಕ್ಕರೆ ಸಾಕು.

ಕೊಳವೆಯನ್ನು ಬೆರಳಗಲ ಮುರಿದು ಮರುದಿನ ನೋಡಿ. ಮತ್ತೆ ಮೆತ್ತಿದ್ದರೆ ಹುಳ ಒಳಗಿದೆ. ಮುರಿದಲ್ಲಿಗೆ ದೊಡ್ಡ ತಲೆಯ ಕಾವಲು ಹುಳ ಬಂದಾಗ ಒದ್ದೆ ಕುಂಚದಿಂದ ಎತ್ತಿಕೊಳ್ಳಿ. ಹಣೆಯಿಂದ ಹಾಲಿನಂಥ ಹನಿ ಒಸರಿದರೆ ಕಾಪ್ಟೋಟರ್ಮಿಸ್. ಎಡ ದವಡೆಯಲ್ಲಿ ಒಂದು ಹಲ್ಲು ಎದ್ದು ಕಂಡರೆ, ಹುತ್ತ ಕಟ್ಟುವ ಓಡೊಂಟೋಟರ್ಮಿಸ್ ಇರಬೇಕು. ಇದು ಗೂಡಿನೊಳಗೆ ಅಣಬೆ ಬೆಳೆದು ತಿನ್ನುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೇಳುವ ಅಣಬೆ ಅದೇ ತೋಟದ್ದು. ಕಬ್ಬಿನ ಗದ್ದೆಯಲ್ಲಿ ನಾಟಿ ತುಂಡಿನ ಎರಡೂ ತುದಿಯಿಂದ ಹೊಕ್ಕು, ತಿರುಳು ತಿಂದು ಮಣ್ಣು ತುಂಬುವುದೂ ನೆಲಗೆದ್ದಲೇ. ಹೊಲಕ್ಕೆ ಹಸಿ ಗೊಬ್ಬರ ಹಾಕಿದರೆ ಕಾಟ ಹೆಚ್ಚು, ಚೆನ್ನಾಗಿ ಕಳಿತದ್ದನ್ನೇ ಹಾಕಬೇಕು.

ಮನೆಯಲ್ಲಾದರೆ ಮೊದಲು ನೀರಿನ ಸೋರಿಕೆ ನಿಲ್ಲಿಸಿ. ನೆಲಗೆದ್ದಲಿಗೆ ಗೋಡೆ ನೆಲ ಕೂಡುವಲ್ಲಿ ತೂತು ಕೊರೆಸಿ ಮಣ್ಣಿಗೆ ಔಷಧ ಇಳಿಸಬೇಕು. ಒಣಮರದ್ದಕ್ಕೆ ಮಣ್ಣಿಗೆ ಸುರಿದು ಫಲವಿಲ್ಲ, ಆ ಮರಕ್ಕೇ ಉಪಚಾರ ಆಗಬೇಕು. ಎರಡನ್ನೂ ತಿಳಿದವರ ಕೈಯಲ್ಲೇ ಮಾಡಿಸಿ. ಆಮೇಲೆ ಮುಂಗಾರಿನ ಮೊದಲ ಮಳೆ ಬಿದ್ದಾಗ ಗೋಡೆಯ ಬುಡ ನೋಡಿ. ಸಂದಿನಿಂದ ರೆಕ್ಕೆಹುಳ ಏಳುತ್ತಿದ್ದರೆ ಗೂಡು ಇನ್ನೂ ಬದುಕಿದೆ, ಮತ್ತೊಮ್ಮೆ ಔಷಧ ಮಾಡಿಸಲೇಬೇಕು.