ಮೊಳಕೆ ರಾಗಿ ಹಿಟ್ಟು: ಮನೆಯಲ್ಲೇ ಬೀಸಿಕೊಳ್ಳಿ

ಬಾಣಂತನಕ್ಕೆ ತವರಿಗೆ ಬಂದಿರುವ ಪಕ್ಕದ ಮನೆಯ ಹುಡುಗಿ ಮೊನ್ನೆ ಹಿತ್ತಲ ಬಾಗಿಲಲ್ಲಿ ನಿಂತು, "ಅತ್ತೆ, ಪಾಪುಗೆ ಆರು ತಿಂಗಳು ತುಂಬಿತು. ಡಬ್ಬದ ಹಿಟ್ಟು ತರೋಣ ಅಂದ್ರೆ ನಮ್ಮವರ ಸಂಬಳದಲ್ಲಿ ಎಷ್ಟು ಡಬ್ಬ ಆಗುತ್ತೆ? ನೀವು ಮೊಳಕೆ ರಾಗಿ ಮಾಡ್ತಿದ್ರಂತಲ್ಲ?" ಎಂದು ಕೇಳಿದಳು.

ಮಾಡ್ತಿದ್ದೆ ನಿಜ. ಮೊದಲ ಸಲ ಕೆಡಿಸಿದ್ದೂ ನಾನೇ! ನನ್ನ ಚೊಚ್ಚಲ ಮಗುವಿಗೆಂದು ಎರಡು ಸೇರು ರಾಗಿ ಮೊಳಕೆ ಕಟ್ಟಿ, ಘಮ್ಮೆನ್ನಲಿ ಎಂದು ಕಪ್ಪಾಗುವಷ್ಟು ಹುರಿದು, ಗಿರಣಿಗೆ ಕಳಿಸಿದೆ. ನನಗಿಂತ ಮುಂಚೆ ಯಾರೋ ಮೆಣಸಿನಪುಡಿ ಮಾಡಿಸಿದ್ದರೆಂದು ಕಾಣುತ್ತೆ. ಒಂದೇ ಚಮಚಕ್ಕೆ ಮಗು ಕಿರುಚಿಕೊಂಡಿತು. ಅಷ್ಟೂ ಹಿಟ್ಟು ಕಲಗಚ್ಚಿಗೆ ಹೋಯಿತು. "ಕೂಸಿನ ಹಿಟ್ಟಿಗೆ ಊರ ಗಿರಣಿ ಯಾಕಮ್ಮ? ಸ್ವಲ್ಪ ಸ್ವಲ್ಪ ಮನೆಯಲ್ಲೇ ಬೀಸು" ಎಂದರು ನಮ್ಮತ್ತೆ.

ಮೊಳಕೆ ಯಾಕೆ?

100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಸಾದಾ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ. ನೀರು ಹೆಚ್ಚು ಹಾಕಿದರೆ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಿಟ್ಟು ಹೆಚ್ಚು ಹಾಕಿದರೂ ಗಂಜಿ ತೆಳ್ಳಗಿರುತ್ತದೆ, ಸಣ್ಣಗೆ ಸಿಹಿಯೂ ಬರುತ್ತದೆ. ಮೊಳೆತ ಬಾರ್ಲಿಯಿಂದ ಬಿಯರ್ ಮಾಡುವವರಿಗೂ ಬೇಕಾದದ್ದು ಇದೇ ಕಿಣ್ವ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಮೊಳಕೆ ರಾಗಿಯಿಂದ ಶಿಶು ಆಹಾರ ರೂಪಿಸಿದ್ದೂ ಈ ಗುಣ ನೋಡಿಯೇ.

ಮಾಡುವ ಕ್ರಮ

ಅರ್ಧ ಕಿಲೋ ರಾಗಿಯನ್ನು ಕಲ್ಲು ಹೋಗುವಂತೆ ಚೆನ್ನಾಗಿ ಜಾಲಿಸಿ, ರಾತ್ರಿಯೆಲ್ಲ ನೆನೆಸಿ. ಬೆಳಿಗ್ಗೆ ನೀರು ಬಸಿದು ಒದ್ದೆ ಪಂಚೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ. ಆಗಾಗ ನೀರು ಚಿಮುಕಿಸುತ್ತಿದ್ದರೆ ಎರಡು ದಿನಕ್ಕೆ ಮೊಳಕೆ ಬರುತ್ತದೆ. ಮುಗ್ಗುಲು ವಾಸನೆ ಬಂದರೆ, ಬೂಸ್ಟು ಕಂಡರೆ ಎಸೆದುಬಿಡಿ. ಮಗುವಿನ ವಿಷಯದಲ್ಲಿ ಉಳಿತಾಯ ಬೇಡ.

ಬಿಸಿಲಲ್ಲಿ ತೆಳುವಾಗಿ ಹರಡಿ ಗರಿಗರಿ ಒಣಗಿಸಿ. ಅಂಗೈಯಲ್ಲಿ ಉಜ್ಜಿ, ಉದುರಿದ ಮೊಳಕೆಯನ್ನು ಮೊರದಲ್ಲಿ ಕೇರಿ ತೆಗೆಯಿರಿ. ಇದ್ದರೆ ಹಿಟ್ಟು ಕಹಿ. ಆಮೇಲೆ ಸಣ್ಣ ಉರಿಯಲ್ಲಿ ವಾಸನೆ ಬರುವವರೆಗೆ ಮಾತ್ರ ಬೆಚ್ಚಗೆ ಮಾಡಿ. ನನ್ನ ಹಾಗೆ ಕಪ್ಪಗೆ ಹುರಿದಿರೋ, ಕಿಣ್ವ ಸತ್ತು ಮೊಳಕೆ ಕಟ್ಟಿದ ಶ್ರಮವೆಲ್ಲ ನೀರುಪಾಲು.

ಬೀಸುವಾಗ

ಬೀಸುವ ಮೊದಲು ಒಂದೆರಡು ಚಮಚ ನೀರು ಚಿಮುಕಿಸಿ, ಕಲಸಿ, ಹತ್ತು ನಿಮಿಷ ಮುಚ್ಚಿಡಿ. ಸಿಪ್ಪೆ ಮೆದುವಾಗಿ, ಪುಡಿಯಾಗದೆ ಚಕ್ಕೆ ಚಕ್ಕೆಯಾಗಿ ಬಿಡುತ್ತದೆ. ಬೀಸುವ ಕಲ್ಲಾದರೆ ಮೊದಲು ಒಂದು ಹಿಡಿ ಅಕ್ಕಿ ಬೀಸಿ ಚೆಲ್ಲಿ. ಕಲ್ಲಿನ ಪುಡಿ, ಹಳೆಯ ವಾಸನೆ ಹೋಗುತ್ತದೆ. ಕಾಳನ್ನು ಚೂರು ಚೂರೇ ಹಾಕಿ. ಮಿಕ್ಸಿಯಾದರೆ ಜಾರ್ ಕಾಲು ಭಾಗ ತುಂಬಿಸಿ, ನಿಲ್ಲಿಸಿ ನಿಲ್ಲಿಸಿ ಓಡಿಸಿ. ಖಾರದ ಜಾರ್ ಬೇಡ!

ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಚೂರು ಬಿಸಿಲು ತೋರಿಸಿ ಡಬ್ಬಿಗೆ ತುಂಬಿ. ಸುಮಾರು ಹದಿನೈದು ದಿನಕ್ಕೆ ಸಾಕು. ಮೇಲುಳಿದ ತೌಡಿನಲ್ಲೂ ಕ್ಯಾಲ್ಸಿಯಂ ತುಂಬ ಇದೆ. ದೊಡ್ಡವರ ರೊಟ್ಟಿ ಹಿಟ್ಟಿಗೆ ಸೇರಿಸಿ.

ಗಂಜಿ

ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ಕೊನೆಗೆ ಚೆನ್ನಾಗಿ ಕುದಿಸಿ. ಆರು ತಿಂಗಳು ತುಂಬಿದ ಮೇಲೆ, ತಾಯಿಯ ಹಾಲಿನ ಜೊತೆಗೆ, ಮೊದಲು ಒಂದೆರಡು ಚಮಚ ಮಾತ್ರ. ವರ್ಷ ತುಂಬುವವರೆಗೆ ಜೇನುತುಪ್ಪ, ಸಕ್ಕರೆ, ಉಪ್ಪು ಬೇಡ.

ಪಕ್ಕದ ಮನೆಯ ಹುಡುಗಿ ನಿನ್ನೆ ಬಟ್ಟಲು ಹಿಡಿದು ಬಂದಿದ್ದಳು. "ಅತ್ತೆ, ಎರಡು ಚಮಚ ತಿಂದು ಇನ್ನೂ ಬಾಯಿ ತೆಗೀತಾನೆ!" ಅವಳ ಗಂಟಿನಲ್ಲಿ ಮುಂದಿನ ಕಂತಿನ ರಾಗಿ ಆಗಲೇ ನೆನೆದಿದೆ.